ನಕ್ಷೆಯಲ್ಲಿಲ್ಲದ ಊರುಗಳನ್ನು ಹುಡುಕುವ ಕಟ್ಟಕ್ಕ

ಬೆಳಗಿನ ಆರು ಗಂಟೆ. ಭೂದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಮೂಗಿಗೆ ಬಟ್ಟೆ ಬಿಗಿದ ಹೆಂಗಸೊಬ್ಬರು ಕಡತದ ಕಟ್ಟನ್ನು ಎದೆಗವಚಿಕೊಂಡು ಏಣಿ ಇಳಿಯುತ್ತಾರೆ. ಗಂಟು ಬಿಚ್ಚಿ, ದೂಳು ಸವರಿ, ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. ಮತ್ತೆ ಮತ್ತೆ ಗಡಿಯಾರ ನೋಡುತ್ತಾರೆ.

“ಕೇಳೋದು ಕೇಳಿ, ನಾನು ಕೂತು ಮಾತಾಡಲ್ಲ. ಹತ್ತಕ್ಕೆ ಸಾಹೇಬ್ರು ಬರ್ತಾರೆ, ಅಷ್ಟರಲ್ಲಿ ಮೂರು ಕಟ್ಟು ಮುಗೀಬೇಕು.”

ಇವರು ಇಲ್ಲಿನ ಅಟೆಂಡರ್. ಇಪ್ಪತ್ತೇಳು ವರ್ಷದ ಸೇವೆ. ಕಚೇರಿಯವರ ಬಾಯಲ್ಲಿ ‘ಕಟ್ಟಕ್ಕ’. ಹುಟ್ಟಿದ್ದು ಬೆಟ್ಟದ ಬುಡಕಟ್ಟು ಜನರ ಊರಿನಲ್ಲಿ. ಪರದೇಶಿಯರು ಆಳುತ್ತಿದ್ದ ಕಾಲದಲ್ಲಿ ಅವರ ಮೋಜಣಿದಾರ ಬೆಟ್ಟ ಅಳೆದು, ನಕ್ಷೆಯಲ್ಲಿ ‘ನಿರ್ಜನ’ ಎಂದು ಬರೆದ. ಆಮೇಲೆ ಆಳುವವರು ಬದಲಾದರು, ಬಾವುಟ ಬದಲಾಯಿತು. ನಕ್ಷೆ ಮಾತ್ರ ಅದೇ ಉಳಿಯಿತು. ಕಟ್ಟಕ್ಕನಿಗೆ ಒಂಬತ್ತು ವರ್ಷವಾಗಿದ್ದಾಗ ಅದನ್ನೇ ತೋರಿಸಿ ಅವರ ಊರನ್ನು ಎಬ್ಬಿಸಿದರು. ಆ ಬೆಟ್ಟದ ಉಳಿದ ಎಂಟು ಊರುಗಳಿಗೂ ಆಗಿನಿಂದ ತೆರವಿನ ನೋಟಿಸು ಹೋಗತೊಡಗಿತು.

“ನನ್ನ ಭಾಷೆ ಬಾಯಿಂದ ಜಾರಿದ್ರೆ ಸಾಕು, ಗುಮಾಸ್ತರು ನಗೋರು. ಅದಕ್ಕೇ ಬಾಯಿ ಹೊಲ್ಕೊಂಡಿದ್ದೆ,” ಎನ್ನುತ್ತಾರೆ.

ಆರು ವರ್ಷದ ಹಿಂದೆ ಬೆಟ್ಟದ ಅಜ್ಜಿಯೊಬ್ಬರು ನೋಟಿಸು ಹಿಡಿದು ಬಂದು, ಆ ಭಾಷೆಯಲ್ಲೇ ‘ಇದ್ರಲ್ಲಿ ಏನು ಬರ್ದಿದೆ ಮಗಳೇ’ ಎಂದು ಕೇಳಿದರಂತೆ.

“ಮಗಳೇ ಅಂದ್ಬಿಟ್ಲಲ್ಲ! ತಡ್ಕೊಳೋಕೆ ಆಗ್ಲಿಲ್ಲ. ಎಲ್ಲರೆದುರೇ ನಮ್ಮ ಭಾಷೇಲಿ ಓದಿ ಹೇಳ್ದೆ. ‘ನೀವು ಅಲ್ಲಿ ಇರ್ಲೇ ಇಲ್ಲ ಅಂತ ಬರ್ದಿದೆ ಅಜ್ಜಿ’ ಅಂದೆ. ‘ಹಂಗಾದ್ರೆ ಈ ನೋಟಿಸು ಯಾರಿಗೆ ಕೊಟ್ರಂತೆ?’ ಅಂತ ನಕ್ಕುಬಿಟ್ಲು.”

ಆ ನಗು ಕಟ್ಟಕ್ಕನನ್ನು ಸುಮ್ಮನಿರಗೊಡಲಿಲ್ಲ. ಹಳೆಯ ಕಡತಗಳಲ್ಲಿ ಆ ಊರುಗಳ ಗುರುತನ್ನು ಕಚೇರಿ ವೇಳೆಗೆ ಮುಂಚೆ ಹುಡುಕಲು ಸಾಹೇಬರ ಅನುಮತಿ ಪಡೆದರು. ಹತ್ತನೇ ತರಗತಿ ಓದಿದವರು, ನಿಘಂಟು ಹಿಡಿದು ಪರದೇಶಿಯರ ಓರೆ ಅಕ್ಷರ ಕಲಿತರು. ಕಳೆದ ವರ್ಷ, ಮಳೆ ಲೆಕ್ಕದ ಕಡತಗಳ ನಡುವೆ ಅದೇ ಮೋಜಣಿದಾರನ ದಿನಚರಿ ಸಿಕ್ಕಿತು. ‘ಇಳಿಜಾರಿನ ಊರಿಗೆ ಬಂದೆವು. ಅರವತ್ತು ಒಲೆ. ನೀರು ಕೊಟ್ಟು, ಇಬ್ಬರು ದಾರಿ ತೋರಿಸಿದರು.’ ಅದು ಆ ಅಜ್ಜಿಯ ಊರು.

ಊರಿನವರು ಆ ದಿನಚರಿಯನ್ನೇ ಸಾಕ್ಷಿಯಾಗಿಟ್ಟು ತೆರವಿನ ವಿರುದ್ಧ ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ಸರ್ಕಾರದ ವಕೀಲರು ಕಟ್ಟಕ್ಕನನ್ನೇ ಕಟಕಟೆಗೆ ಕರೆಸಿದರು. “ಇದನ್ನ ಹೇಳೋಕೆ ಯಾರಮ್ಮ ಹೇಳಿಕೊಟ್ಟಿದ್ದು?”

“ನಕ್ಷೆ ಬರ್ದೋನೇ ಹೇಳಿಕೊಟ್ಟಿದ್ದು ಸ್ವಾಮಿ. ಅವನ ಕೈಬರಹ, ಅವನದೇ ರುಜು. ನೋಡಿ.”

ಆ ಊರಿನ ತೆರವು ರದ್ದಾಯಿತು. ಅಜ್ಜಿ ಈಗಲೂ ಅಲ್ಲೇ ಇದ್ದಾರೆ. ಉಳಿದ ಏಳು ಊರಿನವರು ಈಗ ವಾರವಾರವೂ ಬಂದು ನೆಲಮಾಳಿಗೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಒಂಬತ್ತು ಸಾವಿರ ಕಟ್ಟುಗಳಲ್ಲಿ ನೋಡಿ ಮುಗಿದಿರುವುದು ಅರ್ಧದಷ್ಟು. ನಿವೃತ್ತಿಗೆ ಹದಿನಾಲ್ಕೇ ತಿಂಗಳು. ಅಷ್ಟರಲ್ಲಿ ಇನ್ನೊಂದು ಸಾವಿರ ಆದೀತೇನೋ. ಕಣ್ಣಿನ ಪೊರೆ ತೆಗೆಸಿಕೊಳ್ಳಿ ಎಂದು ಡಾಕ್ಟರು ಗದರಿದ್ದಾರೆ. ಹದಿನೈದು ದಿನ ರಜೆ ಹಾಕಿದರೆ ಎಷ್ಟು ಕಟ್ಟು ತಪ್ಪುತ್ತದೆ ಎಂದು ಇವರು ಬೆರಳು ಮಡಚುತ್ತಾರೆ.

ಎಬ್ಬಿಸಿದ ತಮ್ಮ ಊರಿನ ಒಂದು ಸಾಲೂ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಏನು ಮಾಡುತ್ತೀರಿ ಎಂದರೆ, ಏಣಿಗೆ ಕಾಲಿಟ್ಟವರು ತಿರುಗಿ ನೋಡುತ್ತಾರೆ.

“ನಾವಲ್ಲಿದ್ವಿ ಅನ್ನೋದು ನಮಗೆ ಗೊತ್ತಲ್ಲ! ಗೊತ್ತಿಲ್ಲದೇ ಇರೋದು ಈ ಕಚೇರಿಗೆ. ಹೋಗೋಷ್ಟರಲ್ಲಿ ಅದಕ್ಕೂ ಗೊತ್ತು ಮಾಡ್ಸಿ ಹೋಗ್ತೀನಿ, ಬಿಡಿ.”