ಗಿಳಿಗಡ್ಡೆಯ ಮೇಲ್ತುದಿ

ಹರಿಹರದಿಂದ ತುಸು ಮೇಲೆ, ತುಂಗಭದ್ರೆ ಎರಡು ಕವಲಾಗಿ ಮತ್ತೆ ಕೂಡುವ ಕಡೆ ಗಿಳಿಗಡ್ಡೆ ಎಂಬ ಸಣ್ಣ ನಡುಗಡ್ಡೆಯಿತ್ತು. ಕೆಳತುದಿಯಲ್ಲಿ ಮರಳು, ನಡುವೆ ಹೊಂಗೆ ಮರ, ಬಿದಿರು ಮೆಳೆ, ಮೇಲ್ತುದಿಯಲ್ಲಿ ಕರಿಬಂಡೆ. ಐವತ್ತರ ದಶಕದಲ್ಲಿ ದಾವಣಗೆರೆಯ ಅನುಕೂಲಸ್ಥರು ಕಾರ್ತಿಕದ ವನಭೋಜನಕ್ಕೆ ಅಲ್ಲಿಗೆ ಹೋಗುತ್ತಿದ್ದರು.

ಜವಳಿ ಅಂಗಡಿಯ ಕೆಂಚವೀರಪ್ಪನ ಹೆಂಡತಿ ಕಸ್ತೂರಮ್ಮ ಮದುವೆಯಾದಾಗಿನಿಂದ ತಪ್ಪದೆ ಹೋಗಿದ್ದಳು. ಮೇಲ್ತುದಿಯನ್ನು ಮಾತ್ರ ಕಂಡಿರಲಿಲ್ಲ. ಅಲ್ಲೇ ಬೇಯಿಸಿ ಬಿಸಿಬಿಸಿ ಉಂಡರಷ್ಟೇ ವನಭೋಜನ ಎಂಬುದು ಆ ಮನೆಯ ಶಾಸ್ತ್ರ. ಪಾತ್ರೆಗಳ ಜೊತೆ ಅವಳು ಮೊದಲ ಹರಿಗೋಲಿನಲ್ಲಿ ದಾಟಬೇಕು, ಗಂಡಸರು ಬರುವಷ್ಟರಲ್ಲಿ ಒಲೆ ಹೊತ್ತಿರಬೇಕು. ಉಂಡವರು ಬಂಡೆ ನೋಡಲು ಹೊರಟಾಗ ಅವಳು ಮರಳು ಹಾಕಿ ಕೊಳಗ ಉಜ್ಜುತ್ತಿದ್ದಳು. "ಅಲ್ಲಿ ಹೊಳೆ ಬೈತಲೆ ತೆಗೆದಂಗೆ ಸೀಳತೈತೆ ನೋಡ್ರಿ" ಎಂದು ಗಂಡ ಮನೆಗೆ ಬಂದವರಿಗೆಲ್ಲ ಹೇಳುವುದನ್ನು ಅಡುಗೆಮನೆಯಿಂದ ಕೇಳಿ ಕೇಳಿ, ಒಮ್ಮೆಯಾದರೂ ಅದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳಲ್ಲಿ ಗಟ್ಟಿಯಾಗಿತ್ತು.

ಒಂದು ವರ್ಷ ಗಂಡಸರು ದಡದ ಚಹಾ ಅಂಗಡಿಯಲ್ಲಿದ್ದಾಗ ಅವಳು ಬರಿಗೈಯಲ್ಲಿ ಹರಿಗೋಲು ಹತ್ತಿ ಕೂತಳು.

"ಅಮ್ಮಾರೆ, ಪಾತ್ರೆ?" ಎಂದ ಹರಿಗೋಲಿನ ಮಕ್ತುಮ್ ಸಾಬ್.

"ಅವು ನಮ್ಮ ಯಜಮಾನ್ರ ಜೊತೆ ಬರ್ತಾವೆ. ಹುಟ್ಟು ಹಾಕ್ರಿ."

"ಸಾವ್ಕಾರ್ರು ನನ್ನ ಬೈತಾರ್ರೀ."

"ಬೈಲಿ ಬಿಡ್ರಿ. ನನಗೆ ಅಭ್ಯಾಸ ಐತೆ, ನಿಮಗೂ ಆಗ್ಲಿ."

ಮರಳಿಗೆ ಇಳಿದವಳು ನಿಲ್ಲದೆ ನಡೆದಳು. ಬಂಡೆ ಹತ್ತಿ ನೋಡಿದರೆ ಬೈತಲೆಯ ಹಾಗೇನೂ ಇರಲಿಲ್ಲ. ಬಲಕ್ಕೆ ಹೊರಳಿದ ನೀರು ಹಸಿರಾಗಿ, ಆಳವಾಗಿ, ಸದ್ದಿಲ್ಲದೆ ಸಾಗುತ್ತಿತ್ತು. ಎಡದ್ದು ಗುಂಡುಕಲ್ಲುಗಳ ಮೇಲೆ ಗಲಗಲ ಓಡುತ್ತಿತ್ತು. ಕಸ್ತೂರಮ್ಮ ಕೂತಳು. ಯಾರೂ ಏನನ್ನೂ ಕೇಳದ ಹೊತ್ತು ಅವಳಿಗೆ ಹೊಸದು.

ಸ್ವಲ್ಪ ಹೊತ್ತಿಗೆ ಕೆಂಚವೀರಪ್ಪ ಹುಡುಕಿಕೊಂಡು ಬಂದ. ಹರಿಗೋಲಿನಲ್ಲಿ ಕೊಳಗವನ್ನು ತೊಡೆಯ ಮೇಲಿಟ್ಟುಕೊಂಡು ಬಂದವನ ಧೋತರಕ್ಕೆಲ್ಲ ಮಸಿ.

"ಏನೇ ಇದು? ಬಂದೋರು ಹಸ್ಕಂಡಾರೆ, ಒಲೇನೆ ಹಚ್ಚಿಲ್ಲ!"

"ಬೆಂಕಿಪೆಟ್ಟಿಗೆ ಆ ಕೊಳಗದಾಗೇ ಐತ್ರಿ," ಎಂದಳು, ನೀರಿನಿಂದ ಕಣ್ಣು ತೆಗೆಯದೆ. "ಹಚ್ಚಿರ್ರಿ. ನಾನು ನೋಡ್ಕಂಡು ಬರ್ತೀನಿ."

ಕೆಳಗೆ ಕಾಯುತ್ತಿದ್ದ ನೆಂಟರಿಗೆ ಕೇಳುವಂತೆ ಕೂಗಾಡುವಂತಿರಲಿಲ್ಲ. ಅವನು ಹೋದ ಮೇಲೆ ಕೆಳತುದಿಯಿಂದ ಹೊಗೆ ಎದ್ದಿತು, ಹಿಂದೆಯೇ ಯಾರೋ ಕೆಮ್ಮುವುದು ಕೇಳಿತು. ಅವಳು ಏಳಲಿಲ್ಲ.

ಅಂದು ಅನ್ನ ತಳ ಹಿಡಿಯಿತು. ಮರುವರ್ಷ ಕೆಂಚವೀರಪ್ಪ ತಾನೇ ನಿಂತು ಪಾತ್ರೆಗಳನ್ನು ಮೊದಲ ಹರಿಗೋಲಿಗೆ ಏರಿಸಿದ. ಕಸ್ತೂರಮ್ಮ ಅವುಗಳನ್ನು ಮರಳಿನ ಮೇಲೆ ಇಳಿಸಿ, ಮೊದಲು ಮೇಲ್ತುದಿಗೆ ಹೋಗಿಬಂದು, ಆಮೇಲೆ ಒಲೆ ಹೂಡಿದಳು. ಕಾರ್ತಿಕದ ಊಟ ಇಳಿಹೊತ್ತಿಗೇ ಎಂದು ಮನೆಯವರು ಕ್ರಮೇಣ ಒಪ್ಪಿಕೊಂಡರು.