ಸದ್ದಿಲ್ಲದ ಚಕ್ರ

ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯವರು ಸದ್ದಿಗೆ ತಕರಾರು ಮಾಡಿದ್ದಕ್ಕೆ ಮಗಳು ಸ್ಕೇಟ್‌ಬೋರ್ಡಿಗೆ ಹೊಸ ಚಕ್ರ ತಂದಿದ್ದಳು. ಹಳೆಯವು ಬಿಳಿ, ಕಲ್ಲಿನಂತೆ ಗಟ್ಟಿ. ಹೊಸವು ಕಿತ್ತಳೆ ಬಣ್ಣದವು, ಮೆತ್ತಗೆ. ಬೆರಳಿನಿಂದ ಒತ್ತಿ ನೋಡಿದೆ. ನಾನು ಬೆಳೆದ ವಡಾಲದ ಚಾಳು ನೆನಪಾಯಿತು.

ಲೋಕಲ್ ರೈಲಿನಿಂದ ಬಿದ್ದು ಎರಡೂ ಕಾಲು ಕಳೆದುಕೊಂಡಿದ್ದ ಅಪ್ಪ, ಬೇರಿಂಗ್ ಜೋಡಿಸಿದ ಹಲಗೆಯ ಮೇಲೆ ಕೂತು ಓಡಾಡುತ್ತಿದ್ದರು. ತಣ್ಣನೆಯ ಉಕ್ಕಿನ ಆ ಚಕ್ರಗಳು ಚಾಳಿನ ಉದ್ದಕ್ಕೂ ಗರಗರ ಎನ್ನುತ್ತಿದ್ದವು. ರಾತ್ರಿಪಾಳಿ ಮುಗಿಸಿ ಮಲಗಿದವರು ಬೈಯುತ್ತಿದ್ದರು.

"ಅವರಿಗೂ ನಿದ್ದೆ ಬೇಕಲ್ಲ ಮಾರಾಯ್ರೆ," ಎಂದು ಅಮ್ಮ ಆ ಚಕ್ರಗಳಿಗೆ ಸೈಕಲ್ಲಿನ ಕಪ್ಪು ಟ್ಯೂಬ್ ಸುತ್ತಿದಳು.

ಒಂದು ಮಧ್ಯಾಹ್ನ ನಾವೆಲ್ಲ ಮಲಗಿದ್ದಾಗ ಅಪ್ಪ ಹಲಗೆ ಏರಿ ಹೊರಟುಹೋದರು. ಯಾರಿಗೂ ಕೇಳಿಸಲಿಲ್ಲ. ಮತ್ತೆ ಬರಲೇ ಇಲ್ಲ.

ಬೋರ್ಡಿಗೆ ಹೊಸ ಚಕ್ರ ಹಾಕಿಕೊಂಡು ಮಗಳು ನನ್ನ ಹಿಂದೆಯೇ ಬಂದು ನಿಂತದ್ದು ತಿಳಿಯಲಿಲ್ಲ. "ಮಮ್ಮಿ, ಈಗ ಆವಾಜೇ ಇಲ್ಲ."

"ಬಿಳಿದನ್ನೇ ಹಾಕು," ಎಂದೆ. "ಸೊಸೈಟಿಯವರು ಬೈದರೆ ನಾನು ಬೈಸಿಕೊಳ್ತೇನೆ."