ಕುರ್ಚಿಯ ಮುಂದೆ ಬಂದು ಕೇಳಿ

ನನ್ನ ಹೆಂಡತಿ ಸೀತಾಲಕ್ಷ್ಮಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಗಾಲಿಕುರ್ಚಿಗೆ ಬಂದ ಮೇಲೆ ಹೀಗಾದಳು ಎಂದು ನೆಂಟರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಬಸವನಗುಡಿಯಲ್ಲಿ ನಾನು ಹೆಣ್ಣು ನೋಡಲು ಹೋದ ದಿನ ಅವಳ ಎರಡು ಕಾಲೂ ಗಟ್ಟಿಯಾಗಿದ್ದವು. ಅವತ್ತೇ ನಮ್ಮ ಚಿಕ್ಕಪ್ಪನಿಗೆ, “ಹುಡುಗನ್ನ ಕೇಳಿದ್ರೆ ನೀವ್ಯಾಕೆ ಉತ್ತರ ಹೇಳ್ತೀರಿ?” ಎಂದಿದ್ದಳು. ಚಿಕ್ಕಪ್ಪ ಆರಿದ ಕಾಫಿಯನ್ನೂ ಊದಿ ಊದಿ ಕುಡಿದರು. ನಾನು ಅಲ್ಲೇ ಸೋತುಬಿಟ್ಟೆ.

ಅವಳು ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಹುಡುಕುವುದಕ್ಕೇ ಸಂಬಳ ಕೊಡುವ ಕೆಲಸ, ಅವಳಿಗೆ ಹೇಳಿ ಮಾಡಿಸಿದ್ದು. ಇಬ್ಬರೂ ಬರ್ಮಿಂಗ್‌ಹ್ಯಾಮ್‌ಗೆ ಬಂದು, ಎಜ್‌ಬಾಸ್ಟನ್ ಪಕ್ಕದಲ್ಲಿ ಮನೆ ಕೊಂಡು, ಮಾರ್ಟ್‌ಗೇಜಿನ ಜೊತೆ ಸುಖವಾಗಿ ಸಂಸಾರ ಮಾಡಿಕೊಂಡಿದ್ದಾಗ ಅವಳ ಬೆನ್ನುಹುರಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಡಾಕ್ಟರು ಅದನ್ನು ತೆಗೆದು ಜೀವ ಉಳಿಸಿದರು. ಕಾಲಿನ ಶಕ್ತಿ ಮಾತ್ರ ವಾಪಸು ಬರಲಿಲ್ಲ. ಅವಳು ಎಲ್ಲರೆದುರಿಗೇ ಅತ್ತಳು. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೊಂದು ಬೆಳಿಗ್ಗೆ ಯಾರಿಗೂ ಹೇಳದೆ, ಗಾಲಿಗೆ ತಾನೇ ಕೈಹಾಕಿ, ಬೀದಿಯ ಕೊನೆಯ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತಂದಳು. ಬಾಡಿದ ಸೊಪ್ಪು. ನಾವು ಅದರಲ್ಲೇ ಹಬ್ಬ ಮಾಡಿದೆವು.

ಅವಳಿಗೆ ಹೆಚ್ಚು ಸಿಟ್ಟು ತರಿಸುವವರು ನಮ್ಮವರೇ. ಕನ್ನಡದವರಿಗೆ ಕರುಣೆ ಬಂತೆಂದರೆ ಕೈ ಸುಮ್ಮನಿರುವುದಿಲ್ಲ. ಒಂದು ಯುಗಾದಿ ಊಟದಲ್ಲಿ ಗೆಳತಿಯೊಬ್ಬಳ ಅತ್ತೆಯ ವಿಚಾರ ಕೇಳುತ್ತಾ ಸಾಲಿನಲ್ಲಿದ್ದಳು. ಕಥೆ ಇನ್ನೇನು ರುಚಿಗೆ ಬರಬೇಕು, ಹಿಂದಿನಿಂದ ಯಾರೋ ಪುಣ್ಯಾತ್ಮರು “ನೀವ್ಯಾಕಮ್ಮ ಕ್ಯೂನಲ್ಲಿ?” ಎನ್ನುತ್ತಾ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ಪಾಯಸದ ಪಾತ್ರೆಯ ಮುಂದೆ ನಿಲ್ಲಿಸಿದರು. ಬಡಿಸುವವರು ಆ ಪುಣ್ಯಾತ್ಮರ ಮುಖ ನೋಡಿ, “ಇವರಿಗೆ ಸಿಹಿ ಆಗುತ್ತಾ?” ಎಂದು ಕೇಳಿದರು. ಅವಳ ಹೆಸರೂ ಗೊತ್ತಿಲ್ಲದ ಆ ಮನುಷ್ಯ, “ಸ್ವಲ್ಪ ಹಾಕಿ” ಎಂದರು. ಅವತ್ತು ಮನೆಗೆ ಬರುವವರೆಗೂ ಕಾರಿನಲ್ಲಿ ನನಗೆ ಸಿಕ್ಕ ಪ್ರಸಾದವನ್ನು ಇಲ್ಲಿ ಬರೆಯುವಂತಿಲ್ಲ.

ಮುಂದೆ ಆಫೀಸಿನ ಕೆಲಸಕ್ಕೆ ನಾನು ಒಸಾಕಾಗೆ ಹೋಗಬೇಕಾಯಿತು. ಅವಳೂ ಹೊರಟಳು. ಗಾಲಿಕುರ್ಚಿಯವರಿಗೆಂದೇ ಊರು ತೋರಿಸುವ ಗೈಡ್‌ಗಳು ಅಲ್ಲಿದ್ದಾರೆ ಎಂದು ಹುಡುಕಿಟ್ಟವಳೂ ಅವಳೇ. ನಮಗೆ ಸಿಕ್ಕವರು ನಕಾನಿಶಿ ಎಂಬ ವಯಸ್ಸಾದ ಹೆಂಗಸು. ರೈಲು ಬರುವ ಮೊದಲೇ ಕುರ್ಚಿ ಹತ್ತಿಸುವ ಹಲಗೆ ಹಿಡಿದು ಕಾಯುವ ಸಿಬ್ಬಂದಿ, ಕೋಟೆಯೊಳಗಿನ ಲಿಫ್ಟು, ಕಾಲುವೆಯ ದಂಡೆಯ ದೀಪಗಳು, ಎಲ್ಲ ನೋಡಿದೆವು. ಸೀತಾಲಕ್ಷ್ಮಿಯ ಮನಸ್ಸಿನಲ್ಲಿ ನಿಂತದ್ದು ಬೇರೆಯೇ. ಒಂದು ಏರಿನ ಬುಡದಲ್ಲಿ ನಕಾನಿಶಿ ಕುರ್ಚಿಯ ಮುಂದೆ ಬಂದು, ಮೊಣಕಾಲೂರಿ, ಅವಳ ಕಣ್ಣು ನೋಡಿ, “ನಾನು ಹಿಡಿಯಲೇ?” ಎಂದು ಕೇಳಿದರು. ಇವಳು ಬೇಡ ಎಂದಳು. ಅವರು ತಲೆಬಾಗಿಸಿ ಪಕ್ಕದಲ್ಲಿ ನಡೆದರು, ಅಷ್ಟೆ.

“ಬೇಡ ಅಂದ್ರೆ ಬೇಡ ಅಂತಾನೇ ಅರ್ಥ ಮಾಡ್ಕೊಂಡೋರು ಇವರೊಬ್ರೇ ಕಣೋ,” ಎಂದು ಹೋಟೆಲಿಗೆ ಬಂದ ಮೇಲೆ ಹೇಳಿದಳು. ಆ ಲೆಕ್ಕದಲ್ಲಿ ನಾನೂ ಇಲ್ಲವಲ್ಲ ಎಂದು ನನಗೆ ಚುರುಕ್ ಎಂದಿತು.

ವಾಪಸು ಬಂದವಳು ಬರ್ಮಿಂಗ್‌ಹ್ಯಾಮಿನಲ್ಲಿ ತಾನೇ ಗೈಡ್ ಆದಳು. ತಿಂಗಳಿಗೊಂದು ಶನಿವಾರ, ಗಾಲಿಕುರ್ಚಿಯವರಿಗೂ ಅವರ ಮನೆಯವರಿಗೂ ಊರು ತೋರಿಸುವುದು. ಯಾವ ಲಿಫ್ಟು ಕೈಕೊಡುತ್ತದೆ, ಯಾವ ಕೆಫೆಯ ಟಾಯ್ಲೆಟ್ಟಿನಲ್ಲಿ ಕುರ್ಚಿ ತಿರುಗುತ್ತದೆ, ಎಲ್ಲವನ್ನೂ ಟೆಸ್ಟರ್ ಬುದ್ಧಿಯಲ್ಲಿ ಪರೀಕ್ಷಿಸಿ ದಾರಿ ಗೊತ್ತು ಮಾಡಿದಳು. ಚಿನ್ನದ ಬಣ್ಣದ ಗೋಡೆಯ ಮೇಲೆ ಲೋಹದ ಬಳೆಗಳನ್ನು ತೊಟ್ಟ, ಊರಿನ ದೊಡ್ಡ ಲೈಬ್ರರಿಯಿಂದ ಹೊರಟು, ಕಾಲುವೆಯ ದಂಡೆ ಹಿಡಿದು ನಡೆಯುವ ದಾರಿ. ಶುರುವಿನಲ್ಲೇ ಒಂದು ಕಟ್ಟಪ್ಪಣೆ: ಯಾರೂ ಕೇಳದೆ ಇನ್ನೊಬ್ಬರ ಕುರ್ಚಿ ಮುಟ್ಟಕೂಡದು, ಮುಂದೆ ಬಂದು ಕೇಳಬೇಕು. ಅದು ನನಗೂ ಅನ್ವಯ. ಮಡಚುವ ಹಲಗೆ ಮತ್ತು ಕೊಡೆ ಹೊರುವುದಷ್ಟೇ ನನ್ನ ಪಾಲಿನ ಸೇವೆ. ಕುರ್ಚಿಯ ಹಿಡಿ ಹಿಡಿಯುವ ಭಾಗ್ಯ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಈ ವರ್ಷ ಅವಳ ಬಲಭುಜ ಕೆಟ್ಟಿತು. ಇಷ್ಟು ವರ್ಷ ಕಾಲಿನ ಕೆಲಸವನ್ನೂ ಮಾಡಿದ ಭುಜ, ಸವೆದಿತ್ತು. ಏರಿನಲ್ಲಿ ಗಾಲಿ ತಿರುಗಿಸಬೇಡಿ ಎಂದು ಫಿಸಿಯೋ ಕಟ್ಟುನಿಟ್ಟಾಗಿ ಹೇಳಿದರು. ಮೋಟಾರು ಕುರ್ಚಿ ಬರುವುದು ಚಳಿಗಾಲಕ್ಕೆ.

“ಅಲ್ಲೀವರೆಗೆ ನಾನು ತಳ್ತೀನಿ,” ಎಂದೆ.

“ನೀನು ತಳ್ಳಿದ್ರೆ ಟೂರ್ ನಿಂದಾಗುತ್ತೆ.”

“ನಾನು ಬಾಯಿ ಬಿಡಲ್ಲ.”

“ನೀನು ಬಿಡಬೇಕಾಗಿಲ್ಲ, ಅಮೃತ್. ತಳ್ಳೋರು ಯಾರಿದಾರೋ ಜನ ಅವರ ಮುಖ ನೋಡೇ ಮಾತಾಡೋದು. ನಾನು ಲಗೇಜ್ ಆಗ್ತೀನಿ.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಆದರೂ ಆ ಶನಿವಾರ ಹೊರಟೇ ಹೊರಟಳು. ಬಂದಿದ್ದವರು ಒಂದೇ ಜೋಡಿ, ವುಲ್ವರ್‌ಹ್ಯಾಂಪ್ಟನ್‌ನ ಜಗದೀಶ ಮತ್ತು ಪುಟ್ಟಲಕ್ಷ್ಮಿ. ಪುಟ್ಟಲಕ್ಷ್ಮಿಗೆ ಸ್ಟ್ರೋಕ್ ಆಗಿ ಎಡಭಾಗ ಸೋತಿತ್ತು. ಅವರ ಕುರ್ಚಿ ತಳ್ಳುತ್ತಿದ್ದುದು ಜಗದೀಶ. ಆಳು ಒಳ್ಳೆಯವರು, ದನಿ ಮಾತ್ರ ಲೌಡ್‌ಸ್ಪೀಕರ್. ಚಳಿಯೇ ಎಂದು ನಾನು ಪುಟ್ಟಲಕ್ಷ್ಮಿಯನ್ನು ವಿಚಾರಿಸಿದರೆ ಜಗದೀಶರೇ ಉತ್ತರ ಕೊಡುತ್ತಿದ್ದರು. ಆಕೆ ಶಾಲನ್ನು ಬಿಗಿಮಾಡಿಕೊಂಡು ನೀರು ನೋಡುತ್ತಾ ಕೂತಿದ್ದರು.

ಸಮದಾರಿಯಲ್ಲಿ ಸೀತಾಲಕ್ಷ್ಮಿ ಹೇಗೋ ಸುಧಾರಿಸಿದಳು. ಲಾಕ್‌ ಎಂಬ, ದೋಣಿಗಳನ್ನು ಏರಿಳಿಸುವ ನೀರಿನ ಬಾಗಿಲ ಪಕ್ಕದ ಇಟ್ಟಿಗೆಯ ಏರು ಬಂತು. ಅರ್ಧಕ್ಕೆ ಹೋಗಿ ಕುರ್ಚಿ ನಿಂತಿತು. ಅವಳ ಬಲಗೈಗೆ ಗಾಲಿಯನ್ನು ತಡೆಯಲಷ್ಟೇ ಆಗುತ್ತಿತ್ತು, ತಿರುಗಿಸಲು ಆಗುತ್ತಿರಲಿಲ್ಲ. ನಾನು ಹಿಂದೆಯೇ ಇದ್ದೆ. ಕೈಚಾಚಿದರೆ ಹಿಡಿ ಸಿಗುತ್ತಿತ್ತು. ಚಾಚಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸವನ್ನು ನಾನು ಮಾಡಿಲ್ಲ. ಕಾಲುವೆಯಲ್ಲಿ ಒಂದು ದೋಣಿ ನಿಧಾನವಾಗಿ ಹಾದುಹೋಯಿತು, ಅದರಲ್ಲಿದ್ದವನು ಕೈಬೀಸಿದ, ನಾವು ಯಾರೂ ಬೀಸಲಿಲ್ಲ.

“ಅಮೃತ್,” ಎಂದಳು. ಮುಂದೆ ಹೋಗಿ ಬಗ್ಗಿದೆ. ಅವಳ ಕಣ್ಣು ತುಂಬಿತ್ತು. “ಹಿಡ್ಕೋ.”

ಹಿಡಿದೆ. ಹಿಂದಿನಿಂದ ಅವಳ ಮುಖ ಕಾಣುವುದಿಲ್ಲ, ಬೈತಲೆಯ ಬಿಳಿಕೂದಲು ಮಾತ್ರ ಕಾಣುತ್ತದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಏರು ಮುಗಿಯಿತು. ಜಗದೀಶ ಪಕ್ಕಕ್ಕೆ ಬಂದರು. ಈಗ ನಾವಿಬ್ಬರೂ ತಳ್ಳುವವರು. ಇಬ್ಬರು ಹೆಂಗಸರ ತಲೆಯ ಮೇಲೆ, ಕಾಂಪೌಂಡಿನಾಚೆಯ ನೆರೆಯವರಂತೆ, ಮಾತು ಶುರುವಾಯಿತು. ಮುಂದಿನ ಸೇತುವೆಯ ಮೂಲೆಯಲ್ಲಿ ಹಳೆಯ ಕಬ್ಬಿಣದ ಪಟ್ಟಿ, ಅದರ ತುಂಬ ಬೆರಳು ಹೋಗುವಷ್ಟು ಆಳದ ಗೀರುಗಳು.

ಜಗದೀಶ ನನ್ನನ್ನೇ ನೋಡಿ, “ಸಾರ್, ಕಬ್ಬಿಣದ ಮೇಲೆ ಇದೇನ್ ಸಾರ್ ಇಷ್ಟೊಂದು ಗೀರು?” ಎಂದರು.

ಸೀತಾಲಕ್ಷ್ಮಿಯ ಕುತ್ತಿಗೆ ಸೆಟೆಯಿತು. ಅವಳಿಗೆ ಇಡೀ ಟೂರಿನಲ್ಲಿ ಹೆಚ್ಚು ಇಷ್ಟವಾದ ಜಾಗ ಅದು. ನನಗೂ ಉತ್ತರ ಬಾಯಿಪಾಠ. ಹಿಂದೆ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದವು, ಮಣ್ಣು ಮೆತ್ತಿದ ಒದ್ದೆ ಹಗ್ಗ ಈ ಮೂಲೆಯನ್ನು ಉಜ್ಜಿ ಉಜ್ಜಿ ಕಬ್ಬಿಣವನ್ನೇ ಕೊರೆದಿತ್ತು. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಸಹಿತ ಗೊತ್ತು. ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು.

“ನಂಗೊತ್ತಿಲ್ಲ ಸಾರ್,” ಎಂದೆ.

“ಏನ್ ಸಾರ್, ಪ್ರತಿ ತಿಂಗಳೂ ಬರ್ತೀರಂತೆ?”

“ಬರ್ತೀನಿ. ಆದ್ರೆ ಗೈಡ್ ಅವಳು. ಅವಳನ್ನೇ ಕೇಳಬೇಕು.”

ಜಗದೀಶ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಆಮೇಲೆ ಹೆಂಡತಿಯ ಕುರ್ಚಿಗೆ ಬ್ರೇಕ್ ಹಾಕಿ, ಸುತ್ತಿ ಬಂದು, ಸೀತಾಲಕ್ಷ್ಮಿಯ ಎದುರು ಬಗ್ಗಿ, “ಹೇಳಿ ಮೇಡಂ” ಎಂದರು.

ಅವಳು ಹೇಳಿದಳು. ದನಿ ಮೊದಲು ಒಡೆಯಿತು, ಕುದುರೆಗಳು ಬರುವ ಹೊತ್ತಿಗೆ ಗಟ್ಟಿಯಾಯಿತು. ಅಲ್ಲಿಯತನಕ ಮಾತಾಡದಿದ್ದ ಪುಟ್ಟಲಕ್ಷ್ಮಿ ಬಲಗೈ ಚಾಚಿ ಗೀರಿನೊಳಗೆ ಬೆರಳಿಟ್ಟು, ನಿಧಾನವಾಗಿ, ಪದ ಕೂಡಿಸಿಕೊಂಡು, “ಕುದುರೆ... ದಣೀತಿರ್ಲಿಲ್ವಾ?” ಎಂದು ಕೇಳಿದರು. ಜಗದೀಶ ಉತ್ತರಿಸಲು ಬಾಯಿ ತೆರೆದವರು ಮುಚ್ಚಿಕೊಂಡರು. ಇಬ್ಬರು ಹೆಂಗಸರೂ ಕುದುರೆಗಳ ದಣಿವಿನ ವಿಚಾರ ಬಹಳ ಹೊತ್ತು ಮಾತಾಡಿದರು.

ಹೊರಡುವಾಗ ಜಗದೀಶ, “ಮೇಡಂ, ಇಷ್ಟು ವರ್ಷ ಜೊತೆಗಿದ್ರೂ ಸಾರ್‌ಗೆ ಏನೂ ಗೊತ್ತಿಲ್ವಲ್ಲ!” ಎಂದರು.

“ಏನ್ಮಾಡೋದು ಹೇಳಿ,” ಎಂದಳು ನನ್ನ ಹೆಂಡತಿ. “ಎಷ್ಟು ಸಲ ಹೇಳಿದ್ರೂ ಅವರ ತಲೆಗೆ ಹತ್ತಲ್ಲ.”

ಮೂವರೂ ನಕ್ಕರು. ದಡ್ಡ ಅನ್ನಿಸಿಕೊಂಡು ನಾನು ಇಷ್ಟು ಸುಖಪಟ್ಟದ್ದು ಅದೇ ಮೊದಲು.

“ಎಡಕ್ಕೆ,” ಎಂದಳು. ನಾನು ಕುರ್ಚಿಯನ್ನು ಎಡಕ್ಕೆ ತಿರುಗಿಸಿದೆ.